ಬೆಂಕಿ ಕಾವಲಿನವರನ್ನು ಫೆಬ್ರವರಿಯಲ್ಲಿ ಹುಡುಕಬೇಡಿ: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರಿಗೆ,

ನಮಸ್ಕಾರ.

2019ರ ಫೆಬ್ರವರಿ ಕೊನೆಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ವಾಯುಪಡೆಯ ಎಂಐ-17 ಹೆಲಿಕಾಪ್ಟರುಗಳು ಬಾಂಬಿ ಬಕೆಟ್ಟಿನಲ್ಲಿ ನೀರು ತಂದು ಸುರಿದವು. ಜನ ನೆನಪಿಟ್ಟುಕೊಂಡದ್ದು ಆ ಚಿತ್ರವನ್ನೇ. ಮೇಲಿಂದ ಬಿದ್ದ ನೀರು ಜ್ವಾಲೆಯನ್ನು ತಗ್ಗಿಸುತ್ತದೆ, ನಿಜ. ಆದರೆ ಬಿದಿರ ಮೆಳೆಯ ಬುಡದಲ್ಲಿ, ಟೊಳ್ಳು ಮರದೊಳಗೆ, ಒಣಗಿದ ಆನೆ ಲದ್ದಿಯಲ್ಲಿ ಕೂತ ಕೆಂಡ ಅದಕ್ಕೆ ಜಗ್ಗುವುದಿಲ್ಲ. ಅದನ್ನು ಮನುಷ್ಯರೇ ಕೆದಕಿ, ಮಣ್ಣು ಕಲಸಿ ಆರಿಸಬೇಕು. ಆ ಕೆಲಸ ಮಾಡುವವರು ಬೇಸಿಗೆಯ ಹೊತ್ತಿಗೆ ಸೇರಿ ಮೊದಲ ಮಳೆಗೆ ಮನೆಗೆ ಹೋಗುವ ಬೆಂಕಿ ಕಾವಲುಗಾರರು.

ನಮ್ಮ ಬೇಡಿಕೆ ಒಂದೇ. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಭದ್ರಾ, ಕಾಳಿ, ಈ ಐದೂ ಹುಲಿ ಮೀಸಲು ಪ್ರದೇಶಗಳಲ್ಲಿ ಇದೇ ಹಂಗಾಮಿ ಕಾವಲುಗಾರರಿಂದ ತಲಾ 20 ಜನರ ಒಂದೊಂದು ದಳ ಕಟ್ಟಿ. ಡಿಸೆಂಬರ್ 1ಕ್ಕೆ ಕೆಲಸಕ್ಕೆ ಕರೆಯಿರಿ. ಮುಂದಿನ ವರ್ಷವೂ ಅವರನ್ನೇ ಕರೆಯಿರಿ.

20 ಎಂಬ ಲೆಕ್ಕ ಕಾಡಿನ ಬೆಂಕಿ ಆರಿಸುವ ಅಮೆರಿಕದ ಹಾಟ್‌ಶಾಟ್ ದಳಗಳದ್ದು. 1940ರ ದಶಕದ ಕೊನೆಯಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಈ ದಳಗಳಲ್ಲೂ ಹಂಗಾಮಿ ನೌಕರರು ಬಹಳ. ಸೇರಬೇಕಾದರೆ 45 ಪೌಂಡ್, ಅಂದರೆ ಸುಮಾರು 20 ಕೆ.ಜಿ. ಹೊತ್ತು 3 ಮೈಲಿಯನ್ನು 45 ನಿಮಿಷದಲ್ಲಿ ನಡೆಯಬೇಕು. (ನಮ್ಮ ಜೇನು ಕುರುಬ, ಸೋಲಿಗ ಹುಡುಗರಿಗೆ ಇದನ್ನು ಪರೀಕ್ಷೆ ಎಂದರೆ ನಕ್ಕಾರು.) ಆ ದಳಗಳ ಬಲ ಇರುವುದು ಒಟ್ಟಿಗೆ ಕಳೆದ ತಿಂಗಳುಗಳಲ್ಲಿ. ಮುಂದಿನವನು ಕೈ ಎತ್ತಿದರೆ ಯಾಕೆಂದು ಹಿಂದಿನವನಿಗೆ ಗೊತ್ತಿರುತ್ತದೆ. ಬೆಂಕಿ ಬಿದ್ದ ದಿನ ಹತ್ತು ಊರಿನಿಂದ ಜೀಪು ತುಂಬಿಸಿ ತಂದವರಲ್ಲಿ ಅದನ್ನು ನಿರೀಕ್ಷಿಸಲಾಗದು.

ಡಿಸೆಂಬರ್ ಯಾಕೆ ಎನ್ನುವುದಕ್ಕೆ ಬೆಂಕಿ ರೇಖೆಯನ್ನೇ, ಅಂದರೆ ಬೆಂಕಿ ದಾಟದಂತೆ ಬೋಳು ಮಾಡಿದ ಪಟ್ಟಿಯನ್ನೇ ನೋಡಿ. ಅಂಚಿನ ಹುಲ್ಲು, ಲಂಟಾನ ಕಡಿದು, ಒಣಗಲು ಬಿಟ್ಟು, ಇಬ್ಬನಿ ಪೂರ್ತಿ ಆರುವ ಮೊದಲು ಹತೋಟಿಯಲ್ಲಿ ಸುಡುವ ಕೆಲಸ ಅದು. ಜನವರಿ ದಾಟಿದರೆ ಸುಡುವ ಬೆಂಕಿಯೇ ಕೈ ಮೀರುತ್ತದೆ. ಇನ್ನೊಂದು ಸಂಗತಿ ಕಡತಗಳಲ್ಲಿ ಕಾಣುವುದಿಲ್ಲ: ಡಿಸೆಂಬರಿನಲ್ಲಿ ಕನ್ನಡಿಯ ಹಾಗೆ ಗುಡಿಸಿದ ರೇಖೆಯ ಮೇಲೆ ಫೆಬ್ರವರಿಗೆ ತೇಗ, ಮತ್ತಿ, ದಿಂಡಿಗ ಎಲೆ ಉದುರಿಸಿ ಮತ್ತೆ ಸೇತುವೆ ಕಟ್ಟಿಬಿಡುತ್ತವೆ. ಒಂದು ಸಾಲು ತರಗೆಲೆ ಸಾಕು, ಬೆಂಕಿ ಈಚೆಗೆ ನಡೆದು ಬರುತ್ತದೆ. ಆದ್ದರಿಂದ ಒಂದು ಸಲದ ಗುತ್ತಿಗೆ ಸಾಲದು. ಎಲೆ ಉದುರುವಷ್ಟು ದಿನ ಗುಡಿಸುವವರು ಬೇಕು. ಲೀಫ್ ಬ್ಲೋವರ್ ಇಲ್ಲಿ ಒಳ್ಳೆಯ ಯಂತ್ರ, ಆದರೆ ಅದು ಎಲೆ ಹಾರಿಸುತ್ತದೆ ಅಷ್ಟೇ. ಹುಲ್ಲಿನ ಬುಡ, ಬೇರು, ಮಣ್ಣಿಗಂಟಿದ ಕಸ ಅಲ್ಲೇ ಉಳಿಯುತ್ತವೆ. ಅದಕ್ಕೆ ಗುದ್ದಲಿಯೇ ಗತಿ. ಸುಡದ ಕಸವನ್ನು ಬೆಂಕಿಯ ಕಡೆ ತಳ್ಳಿದರೆ ಅದಕ್ಕೆ ಉಣಬಡಿಸಿದಂತೆ. ರೇಖೆ ತೆಗೆಯುವಾಗ ಬೆಂಕಿ ಇಲ್ಲದ ಹಸಿರು ಕಡೆಗೇ ಚದುರಿಸಿ ಎಸೆಯಬೇಕು, ಸುಟ್ಟು ಕರಿದಾದದ್ದು ಒಳಗೇ ಇರಬೇಕು.

ಉರಿಯುವ ಬೆಂಕಿಯ ಎದುರು ರೇಖೆ ತೆಗೆಯುವುದು ಬೇರೆಯೇ ವಿದ್ಯೆ. ರಸ್ತೆ, ಕೆರೆ ಅಥವಾ ಆಗಲೇ ಸುಟ್ಟ ಜಾಗದಿಂದ ಶುರು ಮಾಡಬೇಕು. ನಡು ಕಾಡಿನಲ್ಲಿ ಶುರು ಮಾಡಿದರೆ ಬೆಂಕಿ ಬಳಸಿಕೊಂಡು ಬೆನ್ನ ಹಿಂದೆ ಬರುತ್ತದೆ. ಮುಂದೆ ಮಚ್ಚು, ಗರಗಸದವರು, ಹಿಂದೆ ಗುದ್ದಲಿಯವರು, ಕೊನೆಗೆ ರೇಕಿನವರು. ಒಬ್ಬರಿಗೊಬ್ಬರು 10 ಅಡಿ ದೂರ, ಇಲ್ಲದಿದ್ದರೆ ಹೊಗೆಯಲ್ಲಿ ಮಚ್ಚು ಪಕ್ಕದವನಿಗೇ ತಗಲುತ್ತದೆ. ಜ್ವಾಲೆ ಸುಮಾರು 4 ಅಡಿ ಮೀರಿದರೆ ಅದರ ಮೂತಿಯ ಎದುರು ಕೈ ಹತಾರ ಹಿಡಿದು ನಿಲ್ಲುವಂತಿಲ್ಲ, ಬದಿಯಿಂದ ಹಿಡಿಯಬೇಕು. ಬರೀ ತರಗೆಲೆಯ ಬೆಂಕಿಯನ್ನು ಹಸಿ ಸೊಪ್ಪಿನಿಂದ ಬಡಿದು ಆರಿಸಬಹುದು. ಅದೇ ಬೆಂಕಿ ಲಂಟಾನಕ್ಕೆ ಹತ್ತಿದರೆ ಏಣಿ ಸಿಕ್ಕಂತೆ ಮರದ ತಲೆಗೇರುತ್ತದೆ. ಸೊಪ್ಪು ಹಿಡಿದವನು ಓಡಬೇಕು. ಇಳಿಜಾರಿನಲ್ಲಿ ಪ್ರತಿ 10 ಡಿಗ್ರಿ ಏರಿಗೆ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎನ್ನುವುದು ಬೆಂಕಿ ಕೆಲಸದವರ ಲೆಕ್ಕ. ಗೋಪಾಲಸ್ವಾಮಿ ಬೆಟ್ಟದಂಥ ಕಡೆ ಏರಿನ ಮೇಲೆ ನಿಂತು ಕೆಳಗಿನ ಬೆಂಕಿಗೆ ಕಾಯುವುದು ಆತ್ಮಹತ್ಯೆ. ಕೆಳಗೆ ನಿಂತರೂ ಉರಿಯುವ ಬೊಡ್ಡೆಗಳು ಉರುಳಿ ಬರುತ್ತವೆ.

ಆದ್ದರಿಂದ ದಳ ಕೆಲಸಕ್ಕಿಳಿಯುವ ಮೊದಲು ನಾಲ್ಕು ಇರಲೇಬೇಕು: ಎತ್ತರದಲ್ಲಿ ವೈರ್‌ಲೆಸ್ ಹಿಡಿದ ಒಂದು ಕಣ್ಣು, ಎಲ್ಲರಿಗೂ ತಲುಪುವ ದನಿ, ಓಡುವ ದಾರಿ, ಓಡಿ ಸೇರುವ ಜಾಗ. ಆ ಜಾಗ ಬಹಳ ಸಲ ಪೂರ್ತಿ ಸುಟ್ಟು ಕರಿದಾದ ನೆಲವೇ. 2013ರ ಜೂನ್ 30ರಂದು ಅರಿಜೋನಾದ ಯಾರ್ನೆಲ್ ಹಿಲ್‌ನಲ್ಲಿ ಗ್ರಾನೈಟ್ ಮೌಂಟನ್ ಹಾಟ್‌ಶಾಟ್ ದಳದ 19 ಮಂದಿ ಸತ್ತದ್ದು ಸುಟ್ಟ ನೆಲ ಬಿಟ್ಟು ಇಳಿದು ಹೊರಟ ಮೇಲೆ. ಗುಡುಗು ಮೋಡದ ಗಾಳಿ ಬೆಂಕಿಯ ದಿಕ್ಕು ತಿರುಗಿಸಿತ್ತು. ನಮ್ಮಲ್ಲೂ ಮಾರ್ಚ್, ಏಪ್ರಿಲ್ ಸಂಜೆಗಳಲ್ಲಿ ಮಳೆಗೆ ಮುಂಚೆ ಇಂಥದೇ ಗಾಳಿ ಏಳುತ್ತದೆ. ನಮ್ಮ ಕಾಡುಗಳೂ ಬಲಿ ಪಡೆದಿವೆ: 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ, 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲೂಕಿನಲ್ಲಿ ಅರಣ್ಯ ಸಿಬ್ಬಂದಿ ಬೆಂಕಿಗೆ ಜೀವ ತೆತ್ತರು.

ಉಪಗ್ರಹ ಎಚ್ಚರಿಕೆ ಬಂದಿದೆಯಲ್ಲ ಎನ್ನಬಹುದು. ಭಾರತೀಯ ಅರಣ್ಯ ಸಮೀಕ್ಷೆ ಕಳಿಸುವ ಸಂದೇಶ ಉಪಯುಕ್ತವೇ. ಆದರೆ ಅದರಲ್ಲಿ ಬಳಸುವ, ಉಪಗ್ರಹದಿಂದ ಬೆಂಕಿಯ ಬಿಸಿ ಗುರುತಿಸುವ ವಿಐಐಆರ್‌ಎಸ್ ಉಪಕರಣದ ಚಿತ್ರದ ಒಂದು ಚುಕ್ಕಿ 375 ಮೀಟರ್ ಅಗಲದ್ದು, ಉಪಗ್ರಹ ಹಾಯುವುದು ಮಧ್ಯಾಹ್ನ ಒಂದೂವರೆ ಮತ್ತು ರಾತ್ರಿ ಒಂದೂವರೆಯ ಆಸುಪಾಸು. ಮೂರು ಗಂಟೆಗೆ ಹಚ್ಚಿದ ಬೆಂಕಿ ಅದಕ್ಕೆ ಕಾಣುವುದು ಮಧ್ಯರಾತ್ರಿ ಕಳೆದ ಮೇಲೆ. ವೀಕ್ಷಣಾ ಗೋಪುರದಲ್ಲಿ ಕೂತವನಿಗೆ ಮೂರೂ ಹತ್ತಕ್ಕೆ ಹೊಗೆ ಕಾಣುತ್ತದೆ. ಇನ್ನು, ರಾತ್ರಿ ತಂಪಿನಲ್ಲಿ ಬೆಂಕಿ ಬಗ್ಗುತ್ತದೆ, ಹೊರದೇಶದ ದಳಗಳು ಆಗ ಹಿಡಿಯುತ್ತವೆ. ನಮ್ಮಲ್ಲಿ ಆ ಹೊತ್ತು ಆನೆಯದು. ಆನೆಯ ದಾರಿ ಬಲ್ಲವನಿಲ್ಲದೆ ರಾತ್ರಿ ಕೆಲಸಕ್ಕೆ ಯಾರನ್ನೂ ಕಳಿಸಬಾರದು.

ಆ ಅರಿವು ಇರುವುದು ಹಾಡಿ, ಪೋಡು ಎಂಬ ಆದಿವಾಸಿ ಊರುಗಳಲ್ಲಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಮೊದಲೆಲ್ಲ ಬೇಸಿಗೆ ಏರುವ ಮುಂಚೆಯೇ ‘ತರಗು ಬೆಂಕಿ’ ಹಾಕಿ ನೆಲದ ಕಸವನ್ನಷ್ಟೇ ಸುಡುತ್ತಿದ್ದರು. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ನಿಂತದ್ದಕ್ಕೇ ಲಂಟಾನ ಹಬ್ಬಿತು ಎನ್ನುವುದು ಹಿರಿಯರ ಮಾತು. ವಿಜ್ಞಾನಿಗಳಲ್ಲಿ ಇದಕ್ಕೆ ಒಮ್ಮತವಿಲ್ಲ, ಆದರೂ ಯಾವ ಹುಲ್ಲು ಯಾವ ವಾರ ಎಷ್ಟು ಎತ್ತರ ಉರಿಯುತ್ತದೆ ಎಂದು ಬಲ್ಲವರು ಅವರೇ. ದಳದ ಮುಂದಾಳುಗಳನ್ನು ಅಲ್ಲಿಂದ ಆರಿಸಿ. ಬರೀ ಕೂಲಿಯ ಹಾಜರಿ ಪಟ್ಟಿಯಲ್ಲಿ ಹೆಸರು ಬರೆದು ಮುಗಿಸಬೇಡಿ.

ಸಾಮಾನಿನ ಪಟ್ಟಿ ದೊಡ್ಡದಲ್ಲ. ಮೈ ಮುಚ್ಚುವ ದಪ್ಪ ಹತ್ತಿ ಬಟ್ಟೆ ಕೊಡಿ. ಪಾಲಿಯೆಸ್ಟರ್ ಸಮವಸ್ತ್ರ ಬಿಸಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ, ಪ್ಲಾಸ್ಟಿಕ್ ಚಪ್ಪಲಿಯೂ ಅಷ್ಟೇ. ಚರ್ಮದ ಬೂಟು, ಕೈಗವಸು, ಕನ್ನಡಕ, ಹೆಲ್ಮೆಟ್ ಬೇಕು. ಬೆನ್ನಿಗೆ 16 ಲೀಟರ್ ಸ್ಪ್ರೇಯರ್ ಕಟ್ಟಿಕೊಂಡರೆ ನೀರೇ 16 ಕೆ.ಜಿ.; ಅದನ್ನು ಜ್ವಾಲೆಗೆ ಚೆಲ್ಲದೆ ಕೆಂಡಕ್ಕೆ ಉಳಿಸಲು ಕಲಿಸಬೇಕು. ಕುಡಿಯುವ ನೀರು ಬೇರೆ, ಬಿಸಿಲಿನ ಕೆಲಸಕ್ಕೆ ತಲೆಗೆ ಗಂಟೆಗೊಂದು ಲೀಟರ್ ಹಿಡಿಯಿರಿ. ಹೊಗೆಯಲ್ಲಿ ತಲೆನೋವು ಬಂದು ಮಾತು ತೊದಲಿದವನನ್ನು ತಕ್ಷಣ ಹಿಂದಕ್ಕೆ ಕರೆಸಬೇಕು. ಅದು ಬರೀ ಸುಸ್ತಲ್ಲ, ಕಾರ್ಬನ್ ಮಾನಾಕ್ಸೈಡ್ ವಿಷವಿರಬಹುದು. ಮೊದಲ ದಿನದಿಂದಲೇ ಎಲ್ಲರಿಗೂ ವಿಮೆ ಇರಲಿ.

ಮತ್ತೆ, ‘ಆರಿತು’ ಎಂದು ಬರೆದುಕೊಳ್ಳುವ ಮುನ್ನ ರೇಖೆಯಿಂದ ಒಳಗೆ ಕನಿಷ್ಠ 30 ಮೀಟರ್ ಬೂದಿಯನ್ನು ಬರಿಗೈಯ ಹಿಂಬದಿಯಿಂದ, ಮುಟ್ಟದೆ ಹತ್ತಿರ ಹಿಡಿದು ನೋಡಬೇಕು. ಮರುದಿನ ಬಿಸಿಲೇರಿದ ಮೇಲೆ ಮತ್ತೊಮ್ಮೆ. ಇದಕ್ಕೆ ಎರಡು ದಿನದ ಕೂಲಿ ಬೇಕಾಗುತ್ತದೆ, ಅದನ್ನು ಅಂದಾಜಿನಲ್ಲಿ ಸೇರಿಸಿ.

ಕೇಂದ್ರದ ಕಾಡ್ಗಿಚ್ಚು ತಡೆ ಯೋಜನೆಯಲ್ಲಿ ಕೇಂದ್ರ ಶೇ. 60, ರಾಜ್ಯ ಶೇ. 40 ಕೊಡುವ ವ್ಯವಸ್ಥೆ ಇದೆ. ರಾಜ್ಯದ ಪಾಲು ನವೆಂಬರ್ 15ರೊಳಗೆ ವಲಯ ಕಚೇರಿಗಳಿಗೆ ತಲುಪಿದರೆ ಡಿಸೆಂಬರ್ 1ಕ್ಕೆ ಹಾಜರಿ ತೆಗೆಯಬಹುದು. ಆದೇಶಕ್ಕೆ ತಮ್ಮ ಸಹಿ ಯಾವ ತಾರೀಖಿಗೆ ಬೀಳುತ್ತದೆ ಎಂದು ತಿಳಿಸಬೇಕೆಂದು ಕೋರುತ್ತೇವೆ.

ಇಂತಿ,
ಕಾಡಿನ ಬೆಂಕಿ ಕೆಲಸ ಬಲ್ಲವರು