ಗ್ರಾಮ ಪಂಚಾಯಿತಿ ಸದಸ್ಯೆಯರಿಗೆ ನೆರವಾಗುತ್ತಿರುವವರ ಗಮನಕ್ಕೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರಗಳು.

ಡಚ್ ಸರ್ಕಾರದ ನೆರವಿನಿಂದ 1989ರಲ್ಲಿ ಕರ್ನಾಟಕ, ಗುಜರಾತ್ ಮತ್ತು ಉತ್ತರ ಪ್ರದೇಶಗಳಲ್ಲಿ ಆರಂಭವಾದ, ಹಳ್ಳಿಯ ಹೆಂಗಸರ ಶಿಕ್ಷಣ ಮತ್ತು ಸಬಲೀಕರಣದ ಮಹಿಳಾ ಸಮಾಖ್ಯಾ ಕಾರ್ಯಕ್ರಮವನ್ನು ನಾವು ಮಾದರಿಯಾಗಿ ಇಟ್ಟುಕೊಳ್ಳಬೇಕೆಂದು ನನ್ನ ಕೋರಿಕೆ. ಹಣ ಹೊರಗಿನಿಂದ ಬಂದರೂ ಇಂತಿಷ್ಟು ಗುರಿ ಮುಟ್ಟಲೇಬೇಕೆಂದು ಮೇಲಿನಿಂದ ಹೇರದೆ, ಹಳ್ಳಿಯ ಸಂಘದ ಹೆಂಗಸರೇ ಕುಡಿಯುವ ನೀರೋ, ಕೂಲಿಯೋ, ಅಕ್ಷರವೋ ಎಂದು ಮೊದಲ ವಿಷಯವನ್ನು ಆರಿಸಿಕೊಳ್ಳಲು ಅಲ್ಲಿ ಅವಕಾಶವಿತ್ತು. ಕೆಲವು ಹಳ್ಳಿಗಳ ಹೊಣೆ ಹೊತ್ತ ಕಾರ್ಯಕರ್ತೆ, ಅಂದರೆ ಸಹಯೋಗಿನಿ, ಆ ಹೆಂಗಸರ ಜೊತೆ ಕುಳಿತು ಮಾತು ಕೇಳುತ್ತಿದ್ದಳೇ ಹೊರತು ಅವರ ಪರವಾಗಿ ತೀರ್ಮಾನಿಸುತ್ತಿರಲಿಲ್ಲ. ನನಗೆ ಅತ್ಯಂತ ಮುಖ್ಯವೆನಿಸುವುದು ಇದೇ.

ನಮ್ಮ ರಾಜ್ಯದಲ್ಲಿ 1987ರ ಪಂಚಾಯಿತಿ ಚುನಾವಣೆಯಲ್ಲೇ ಮಹಿಳೆಯರಿಗೆ ಶೇ 25ರಷ್ಟು ಮೀಸಲಾತಿ ಇತ್ತು. ಈಗ ಅದು ಶೇ 50. ಆದರೂ ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲೇ ಪತಿ ಕುಳಿತು, ನಡವಳಿ ಪುಸ್ತಕವನ್ನು ತಾವೇ ಓದಿ, ಸಹಿ ಹಾಕಬೇಕಾದ ಜಾಗವನ್ನು ಬೆರಳಿನಿಂದ ತೋರಿಸುವುದನ್ನು ನಾವು ಕಂಡಿದ್ದೇವೆ.

ಆದ್ದರಿಂದ ಮುಂದಿನ ಸಾಮಾನ್ಯ ಸಭೆಗೆ ಮೊದಲೇ ಸದಸ್ಯೆಯರ ಮನೆಗೆ ಹೋಗಿ, ಸಭೆಯ ವಿಷಯಪಟ್ಟಿಯನ್ನು ಅವರೊಂದಿಗೆ ನಿಧಾನವಾಗಿ ಓದಿ, ಅವರ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದುಕೊಡಿ. ಸಭೆಯಲ್ಲಿ ದಯವಿಟ್ಟು ಯಾರೂ ಅವರ ಬದಲಿಗೆ ಮಾತನಾಡಬೇಡಿ.