ಇಷ್ಟು ಮಂದಿಯ ಋಣ, ಅದರಲ್ಲೂ ಅತ್ತಿಗೆಯದು

ನನ್ನ ಕಾದಂಬರಿ ಅಚ್ಚಾಗಿ ಕಾರವಾರಕ್ಕೆ ಬಂತು. ಈ ವರ್ಷ ಮನೆಯಲ್ಲಿ ಏನೇನಾಯಿತೆಂಬುದು ನಿಮಗೆಲ್ಲ ಗೊತ್ತಿರುವುದೇ, ಮತ್ತೆ ಬರೆಯುವುದಿಲ್ಲ.

ಬೋಟಿನ ಲೆಕ್ಕ ಬಿಡಿಸಿ ಹೇಳಿದ ಬೈತಖೋಲ ಬಂದರಿನವರಿಗೆ, ನಾಯಕಿಯ ಅಜ್ಜಿ ಆಡುವ ಕೊಂಕಣಿ ತಿದ್ದಿದ ಕೋಡಿಬಾಗದ ಬಾಯಿಯವರಿಗೆ, ನುಡಿ ತಂತ್ರಾಂಶದಿಂದ ಯೂನಿಕೋಡಿಗೆ ತರುವಾಗ ಕೆಟ್ಟುಹೋದ ಅರ್ಕಾವೊತ್ತುಗಳನ್ನು ಒಂದೊಂದಾಗಿ ಹುಡುಕಿ ಸರಿಮಾಡಿದ ಡಿಟಿಪಿ ತಮ್ಮನಿಗೆ, ಮುಖಪುಟದ ಗೆಳತಿಗೆ ದೊಡ್ಡ ನಮಸ್ಕಾರ. ಒಂದೇ ವಾಕ್ಯದಲ್ಲಿ ಮುಗಿಸಿದಳೆಂದು ಬೇಸರ ಬೇಡ. ಉಳಿದ ಜಾಗವೆಲ್ಲ ಶಿರಸಿಯ ಅತ್ತಿಗೆಗೆ ಬೇಕು.

ಅತ್ತಿಗೆ ಪ್ರೇಮಕತೆಯನ್ನು ಸೊಸೈಟಿ ಲೆಕ್ಕ ನೋಡಿದ ಹಾಗೆ ಓದುತ್ತಾರೆ. "ಇವಳು ಇವನನ್ನು ನಂಬಿದಳು ಅಂತ ಬರದ್ದೆ. ಯಾವ ಪುಟದಲ್ಲಿ ನಂಬಿದ್ದು, ತೋರ್ಸು" ಎಂದು ಕೂತುಬಿಟ್ಟರು. ಮೊದಲ ಕರಡಿನಲ್ಲಿ ಐದನೇ ಅಧ್ಯಾಯಕ್ಕೇ ಇಬ್ಬರೂ ಜಗಲಿಯಲ್ಲಿ ಕೂತು ಹಳೆಯ ನೋವೆಲ್ಲ ಹೇಳಿಕೊಳ್ಳುತ್ತಿದ್ದರು. ಗಾಯ ತೋರಿಸಿದರೆ ಕನಿಕರ ಹುಟ್ಟುತ್ತದೆ, ನಂಬಿಕೆಗೆ ಬೇರೆಯೇ ಬೇಕು ಎಂಬುದು ಅವರ ವಾದ. ಒಬ್ಬರ ನಷ್ಟ ಇನ್ನೊಬ್ಬರ ಕೈಯಲ್ಲಿರಬೇಕು, ಜಾರಿಕೊಳ್ಳಲು ದಾರಿ ಇರಬೇಕು, ನೋಡುವವರು ಇರಬಾರದು. ಒಂದು ಫೋನ್ ಮಾಡಿದರೆ ಮುಗಿಯುವ ಜಗಳವೊಂದಿತ್ತು, ಅದನ್ನು ಪೂರ್ತಿ ಹೊಡೆದುಹಾಕಿದರು.

ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗಕ್ಕೆ ಹೊಡೆಯುವ ಕೊಳೆ ಮದ್ದನ್ನು ಕತೆಯೊಳಗೆ ತಂದವರೂ ಅವರೇ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಹಾಗಾಗಿ ಬೋಟಿನ ಲೆಕ್ಕ ಬರೆಯುವ ನಾಯಕಿಗೆ ಬಿಡುವು. ಘಟ್ಟದ ಮೇಲೆ ಅಡಿಕೆ ತೋಟಕ್ಕೆ ಮದ್ದು ಹೊಡೆಯುವುದೂ ಆಗಲೇ: ಮಳೆ ಹಿಡಿಯುವ ಹೊತ್ತಿಗೆ ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ. ಇಡೀ ಪ್ರೇಮ ಈ ಎರಡು ಮದ್ದಿನ ನಡುವೆ ಕೂತಿತು.

ಮದ್ದು ಮಾಡುವುದು ಹೀಗೆ: ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಹೊಯ್ಯಬೇಕು. ತಿರುಗುಮುರುಗು ಮಾಡಿದರೆ ಮದ್ದು ಉರುಟಾಗಿ ಬೇಗ ತಳ ಹಿಡಿಯುತ್ತದೆ. ತುತ್ತ ಕಬ್ಬಿಣ ತಿನ್ನುವುದರಿಂದ ಡ್ರಮ್ಮು ಪ್ಲಾಸ್ಟಿಕ್ಕಿನದೇ ಆಗಬೇಕು. ಕೊನೆಗೆ ಉಜ್ಜಿದ ಕತ್ತಿಯ ಅಲಗು ಅದ್ದಿ ನೋಡುವುದು. ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಮಿಳ್ಳೆ, ಅಂದರೆ ಎಳೆ ಅಡಿಕೆಕಾಯಿ, ಸುಟ್ಟುಹೋಗುತ್ತದೆ. ಕತೆಯಲ್ಲಿ ಮೊದಲ ಸಲ ನಾಯಕ ಡ್ರಮ್ಮಿನ ಹತ್ತಿರ ಯಾರನ್ನೂ ಬಿಡುವುದಿಲ್ಲ. ಎರಡನೇ ಸಲ ಕಲಕುವ ಕೋಲನ್ನು ಅವಳ ಕೈಗೆ ಕೊಟ್ಟು, ಪೈಪು ಎಳೆದುಕೊಂಡು ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನ ಹಿಂದೆ ತೋಟದ ಆ ತುದಿಗೆ ಹೋಗುತ್ತಾನೆ. ಅವಳು ಅದ್ದಿದ ಅಲಗು ಕೆಂಪಾಗುತ್ತದೆ. ಸುತ್ತ ಯಾರೂ ಇಲ್ಲ. ಸುಣ್ಣ ಕದಡಿ ಹೊಯ್ಯುತ್ತಾಳೆ, ಕತ್ತಿ ಉಜ್ಜಿ ಮತ್ತೆ ಅದ್ದುತ್ತಾಳೆ. ಅವನಿಗೆ ಹೇಳುವುದಿಲ್ಲ. ಓದಿದವರು ಹೆಚ್ಚಾಗಿ ಈ ಪುಟದ ಬಗ್ಗೆಯೇ ಮಾತಾಡುತ್ತಿದ್ದಾರೆ, ಅದರ ಪಾಲು ಅತ್ತಿಗೆಗೆ ಸಲ್ಲಬೇಕು.

ಇನ್ನು ಕೊನೆಯ ಪ್ರೂಫಿನ ರಾತ್ರಿ. ಪುಟ 196ಕ್ಕೆ ನಿಂತಿತ್ತು. ಅಚ್ಚಿನವರು ಹದಿನಾರು ಪುಟದ ಒಂದು ಕಟ್ಟಿಗೆ ಫಾರಂ ಎನ್ನುತ್ತಾರೆ, ಆ ಲೆಕ್ಕದಲ್ಲಿ 192ಕ್ಕೆ ಹನ್ನೆರಡು ಫಾರಂ ಸರಿಹೋಗುತ್ತಿತ್ತು. ಹೆಚ್ಚಿನ ನಾಲ್ಕು ಪುಟ ಯಾವುದು, ಯಾರದು ಎಂಬುದು ಗೊತ್ತಿದ್ದವರಿಗೆ ಗೊತ್ತು. ಅದನ್ನು ನಾನು ಅಳಿಸಲಾರದೆ ಹೋದೆ. ಅತ್ತಿಗೆ ದೇವಿಮನೆ ಘಟ್ಟ ಇಳಿದು ಆ ಮಳೆಯಲ್ಲಿ ಬಂದಿದ್ದರು. ಕರೆಂಟು ಹೋಗಿತ್ತು. ನಾನು ಅತ್ತುಬಿಟ್ಟೆ, ಪುಸ್ತಕಕ್ಕಾಗಿ ಅಲ್ಲ. ಅವರು ಸಮಾಧಾನ ಹೇಳಲಿಲ್ಲ, ಅಳಿಸು ಎಂದೂ ಹೇಳಲಿಲ್ಲ. "ಅರ್ಧ ಫಾರಂ ಹೆಚ್ಚಿಗೆ ಹಾಕ್ಸು, ಎಂಟು ಪುಟ. ಖರ್ಚು ನಂದು" ಎಂದು ಟಾರ್ಚು ಹಿಡಿದು ಉಳಿದ ಪ್ರೂಫು ಓದುತ್ತ ಕೂತರು. ಹಾಗೆಂದ ಮೇಲೆ ನನಗೇ ಬಿಡಲು ಸಾಧ್ಯವಾಯಿತು. ಆ ನಾಲ್ಕು ಹಾಳೆ ಈಗ ಅವರ ಕಪಾಟಿನಲ್ಲಿವೆ.

ಕೊನೆಯ ಅಧ್ಯಾಯ ಮಾತ್ರ ಅವರಿಗೆ ಇನ್ನೂ ಒಪ್ಪಿಗೆಯಿಲ್ಲ. ಇಬ್ಬರಿಗೂ ಮದುವೆ ಮಾಡಿಸಬಾರದಿತ್ತು, ಇನ್ನೊಂದು ಮಳೆಗಾಲ ನೋಡಬೇಕಿತ್ತು ಎನ್ನುತ್ತಾರೆ. ಅದೊಂದು ಮಾತು ನಾನು ಕೇಳಲಿಲ್ಲ ಅತ್ತಿಗೆ. ಎರಡನೇ ಮುದ್ರಣ ಬಂದರೆ ಅದರಲ್ಲೂ ಮದುವೆ ಇರುತ್ತದೆ.