ತರಗತಿಯ ಚರ್ಚೆಗೆ ಅನುಮತಿ ಕೇಳಿಸಬೇಡಿ: ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರೇ,

ನಮಸ್ಕಾರ. ನಾನು ಪದವಿ ವಿದ್ಯಾರ್ಥಿಗಳಿಗೆ ಪತ್ರಿಕೋದ್ಯಮ ಕಲಿಸುವ ಉಪನ್ಯಾಸಕಿ. ವಾರದಲ್ಲಿ ಒಂದು ತಾಸು ನನ್ನ ತರಗತಿಯಲ್ಲಿ ಪಾಠ ಇರುವುದಿಲ್ಲ, ಚರ್ಚೆ ಇರುತ್ತದೆ. ಸುದ್ದಿ, ಪ್ರೀತಿ, ಮದುವೆ, ಚುನಾವಣೆ ಎಲ್ಲವೂ ಅಲ್ಲಿ ಬರುತ್ತವೆ. ಈಚೆಗೆ ಈ ತಾಸಿನ ಬಗ್ಗೆ ಪ್ರಾಂಶುಪಾಲರು ಹೇಳುವ ಮಾತು ಒಂದೇ: "ವಿವಾದದ ವಿಷಯ ಯಾಕೆ ಮೇಡಂ? ಮೇಲಿನವರ ಅನುಮತಿ ಬರಲಿ, ಆಮೇಲೆ ನೋಡೋಣ." ಅವರ ಮೇಲೆ ನನಗೆ ಸಿಟ್ಟಿಲ್ಲ. ಒಂದು ದೂರು ಬಂದರೆ ಉತ್ತರ ಕೊಡಬೇಕಾದವರು ಅವರೇ. ಆದರೆ ಮೇಲಿನವರು ಅಂದರೆ ಕೊನೆಗೆ ನೀವೇ ಅಲ್ವಾ? ಅದಕ್ಕೇ ನೇರವಾಗಿ ನಿಮಗೆ ಬರೆಯುತ್ತಿದ್ದೇನೆ.

ನಾನು ಕೇಳುವುದು ಇಷ್ಟೇ. ತರಗತಿಯಲ್ಲಿ ಚರ್ಚೆ ನಡೆಸಲು ಮೊದಲೇ ಅನುಮತಿ ಬೇಕಿಲ್ಲ ಎಂದು ಬರಹದಲ್ಲಿ ಹೇಳಿ. ನಿಯಮ ಪಾಲಿಸಿ ಚರ್ಚೆ ನಡೆಸಿದ ಅಧ್ಯಾಪಕರ ಬೆನ್ನಿಗೆ ಇಲಾಖೆ ನಿಲ್ಲುತ್ತದೆ ಎಂದೂ ಹೇಳಿ.

ನಮ್ಮ ಮುಂದೆ ಕೂರುವವರಲ್ಲಿ ಹೆಚ್ಚಿನವರು ಮತ ಹಾಕುವ ವಯಸ್ಸಿಗೆ ಬಂದವರು. ಸರ್ಕಾರ ಯಾರದ್ದಾಗಬೇಕು ಎಂದು ತೀರ್ಮಾನಿಸಬಲ್ಲವರು ಸರ್ಕಾರದ ಒಂದು ನೀತಿಯ ಬಗ್ಗೆ ತರಗತಿಯಲ್ಲಿ ವಾದ ಮಾಡಬಾರದು ಅಂದರೆ ಹೇಗೆ? ನಾವು ಬೇಡ ಅಂದ ಮಾತ್ರಕ್ಕೆ ಅವರು ಸುಮ್ಮನಿರುವುದೂ ಇಲ್ಲ. ರಾತ್ರಿ ಫೋನಿನಲ್ಲಿ ಮಾತಾಡುತ್ತಾರೆ. ಅಲ್ಲಿ ತಮ್ಮಂತೆಯೇ ಯೋಚಿಸುವವರು ಜಾಸ್ತಿ ಸಿಗುತ್ತಾರೆ. ಒಪ್ಪದವನು ಸಿಕ್ಕರೆ ಬೈದು ಬ್ಲಾಕ್ ಮಾಡುತ್ತಾರೆ. ಎದುರು ಕೂತವಳ ಮುಖ ನೋಡುತ್ತಾ "ನಿನ್ನ ಮಾತು ನನಗೆ ಒಪ್ಪಿಗೆಯಿಲ್ಲ, ಯಾಕೆಂದರೆ..." ಎಂದು ಶುರು ಮಾಡುವ ಅಭ್ಯಾಸ ಅಲ್ಲಿ ಆಗುವುದಿಲ್ಲ.

ಹುಡುಗರು ದಾರಿ ತಪ್ಪುತ್ತಾರೆ ಎಂಬ ಭಯ ಹೊಸದೇನಲ್ಲ. 1933ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿದ್ಯಾರ್ಥಿಗಳ ಚರ್ಚಾ ಸಂಘವಾದ ಆಕ್ಸ್‌ಫರ್ಡ್ ಯೂನಿಯನ್‌ನಲ್ಲಿ ಒಂದು ಚರ್ಚೆ ನಡೆಯಿತು. ಯಾವ ಸಂದರ್ಭದಲ್ಲೂ ರಾಜನಿಗಾಗಿ, ದೇಶಕ್ಕಾಗಿ ಯುದ್ಧ ಮಾಡುವುದಿಲ್ಲ ಎಂಬ ನಿರ್ಣಯ 275ಕ್ಕೆ 153 ಮತಗಳಿಂದ ಗೆದ್ದಿತು. ಪತ್ರಿಕೆಗಳು ಕೆಂಡ ಕಾರಿದವು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಚರ್ಚಿಲ್ ಕಟುವಾಗಿ ಟೀಕಿಸಿದರು. ಹೇಡಿಗಳು ಎಂದು ಹಂಗಿಸಲು ಕೆಲವರು ಬಿಳಿ ಗರಿಗಳನ್ನು ಕಳಿಸಿದರು. ಆ ನಿರ್ಣಯವನ್ನು ದಾಖಲೆಯಿಂದಲೇ ಅಳಿಸಬೇಕೆಂದು ಚರ್ಚಿಲ್ ಅವರ ಮಗ ರಾಂಡಾಲ್ಫ್ ಯತ್ನಿಸಿದಾಗ ವಿದ್ಯಾರ್ಥಿಗಳು ಅದನ್ನು ಭಾರಿ ಬಹುಮತದಿಂದ ಸೋಲಿಸಿದರು. ಮುಂದೆ 1939ರಲ್ಲಿ ಯುದ್ಧ ಬಂದಾಗ ಅದೇ ಪೀಳಿಗೆಯ ಆಕ್ಸ್‌ಫರ್ಡ್ ಹುಡುಗರು ಸೇನೆ ಸೇರಿದರು. ಎಷ್ಟೋ ಮಂದಿ ಮರಳಿ ಬರಲಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಒಂದು ಸಂಜೆ ಹಾಕಿದ ಮತವನ್ನು ಅವರ ಜೀವನದ ತೀರ್ಪು ಎಂದು ಓದುವುದು ದೊಡ್ಡವರ ತಪ್ಪು.

ಗಲಾಟೆ ಆಗಬಹುದು ಎಂಬ ಇನ್ನೊಂದು ಭಯವಿದೆ. ಇದರ ಬಗ್ಗೆ ಅಮೆರಿಕದ ಸುಪ್ರೀಂ ಕೋರ್ಟ್ 1969ರಲ್ಲೇ ಮಾತಾಡಿದೆ. ಡೆ ಮೊಯ್ನ್ ನಗರದ ಕೆಲವು ವಿದ್ಯಾರ್ಥಿಗಳು ವಿಯೆಟ್ನಾಂ ಯುದ್ಧಕ್ಕೆ ವಿರೋಧವಾಗಿ ಕಪ್ಪು ಪಟ್ಟಿ ಕಟ್ಟಿ ಶಾಲೆಗೆ ಹೋಗಿದ್ದರು. ಅವರಲ್ಲಿ ಒಬ್ಬಳಿಗೆ ಬರೀ 13 ವರ್ಷ. ಶಾಲೆಯವರು ಅವರನ್ನು ಅಮಾನತು ಮಾಡಿದರು. ಟಿಂಕರ್ ಪ್ರಕರಣ ಎಂದೇ ಹೆಸರಾದ ಆ ಮೊಕದ್ದಮೆಯಲ್ಲಿ ಕೋರ್ಟ್ ಹೇಳಿದ್ದು, ತೊಂದರೆ ಆದೀತು ಎಂಬ ಬರಿಯ ಅಂಜಿಕೆ ಮಾತನ್ನು ತಡೆಯಲು ಸಾಲದು ಎಂದು. ಕಾನೂನು ದೇಶದಿಂದ ದೇಶಕ್ಕೆ ಬೇರೆ ಇರಬಹುದು. ಆದರೆ ನಮ್ಮ ಕಾಲೇಜುಗಳಲ್ಲಿ ಚರ್ಚೆ ನಿಲ್ಲುವುದು ಹೆಚ್ಚಾಗಿ ಈ ಬರಿಯ ಅಂಜಿಕೆಯಿಂದಲೇ.

ಹಾಗಂತ ಯಾರು ಏನು ಬೇಕಾದರೂ ಹೇಗೆ ಬೇಕಾದರೂ ಮಾತಾಡಲಿ ಎಂದು ನಾನು ಹೇಳುತ್ತಿಲ್ಲ. ಟಿವಿಯಲ್ಲಿ ಎಂಟು ಜನ ಒಟ್ಟಿಗೆ ಕಿರುಚುವುದನ್ನು ಚರ್ಚೆ ಎಂದುಕೊಂಡು ಬೆಳೆದ ಹುಡುಗರು ಇವರು. ಮೊದಲ ವಾರ ಹಾಗೇ ಕಿರುಚುತ್ತಾರೆ. ಆದ್ದರಿಂದ ನಾನು ಒಂದು ಪದ್ಧತಿ ಹಿಡಿದಿದ್ದೇನೆ. ಮಿನೆಸೋಟ ವಿಶ್ವವಿದ್ಯಾಲಯದ ಡೇವಿಡ್ ಮತ್ತು ರೋಜರ್ ಜಾನ್ಸನ್ ಸಹೋದರರು ರೂಪಿಸಿದ ಪದ್ಧತಿ ಅದು. ನಾಲ್ಕು ಜನರ ಗುಂಪಿನಲ್ಲಿ ಇಬ್ಬರು ಪರ, ಇಬ್ಬರು ವಿರೋಧ. ಎರಡೂ ಕಡೆಯವರು ಓದಿ ಬಂದು ವಾದಿಸುತ್ತಾರೆ. ಆಮೇಲೆ ಪಕ್ಷ ಬದಲಾಗುತ್ತದೆ. ಇಷ್ಟು ಹೊತ್ತು ಯಾವ ವಾದವನ್ನು ಮುರಿಯುತ್ತಿದ್ದರೋ ಅದನ್ನೇ ಈಗ ಕಟ್ಟಬೇಕು. ಕೊನೆಗೆ ಪಕ್ಷಗಳನ್ನು ಬಿಟ್ಟು ನಾಲ್ವರೂ ಸೇರಿ, ಎಲ್ಲಿ ಒಪ್ಪುತ್ತೇವೆ, ಎಲ್ಲಿ ಒಪ್ಪುವುದಿಲ್ಲ ಎಂದು ಬರೆಯುತ್ತಾರೆ. ಪಕ್ಷ ಬದಲಾಗುವ ಹೊತ್ತಿಗೆ ತರಗತಿಯ ದನಿ ತಗ್ಗುತ್ತದೆ. ಎದುರಾಳಿಯ ವಾದವನ್ನು ಅವನಿಗೆ ಸಮಾಧಾನ ಆಗುವಷ್ಟು ಚೆನ್ನಾಗಿ ಹೇಳುವುದು ಕಷ್ಟ, ಗೊತ್ತಲ್ಲ ನಿಮಗೆ. ಸದನದಲ್ಲಿ ಕೂತವರಿಗೆ ಇದನ್ನು ನಾನು ವಿವರಿಸಬೇಕಿಲ್ಲ.

ಮಾಧ್ಯಮದ ವಿಷಯದಲ್ಲಿ ವಾದಕ್ಕಿಂತ ಮೊದಲು ಹುಡುಕುವುದನ್ನು ಕಲಿಸಬೇಕು. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಒಂದು ಪ್ರಯೋಗ ಮಾಡಿದ್ದರು. ಇತಿಹಾಸದಲ್ಲಿ ಪಿಎಚ್‌ಡಿ ಮಾಡಿದ 10 ಜನ, ವೃತ್ತಿಯಿಂದಲೇ ಸತ್ಯಶೋಧನೆ ಮಾಡುವ 10 ಜನ, 25 ಪದವಿ ವಿದ್ಯಾರ್ಥಿಗಳು. ಎಲ್ಲರಿಗೂ ಅವೇ ಜಾಲತಾಣಗಳನ್ನು ತೋರಿಸಿದರು. ಪಂಡಿತರೂ ವಿದ್ಯಾರ್ಥಿಗಳೂ ಚೆಂದದ ಲೋಗೋ, ಗಂಭೀರ ಹೆಸರು ನೋಡಿ ಮೋಸ ಹೋದದ್ದುಂಟು. ಸತ್ಯಶೋಧಕರು ಮಾತ್ರ ಆ ಪುಟವನ್ನು ಬೇಗ ಬಿಟ್ಟು, ಬೇರೆ ಟ್ಯಾಬ್ ತೆರೆದು, ಇದನ್ನು ನಡೆಸುವವರು ಯಾರು ಎಂದು ಹೊರಗೆ ಹುಡುಕಿದರು. ನನ್ನ ತರಗತಿಯಲ್ಲೂ ಯಾವ ಸುದ್ದಿ ತಂದರೂ ಮೊದಲ ಹತ್ತು ನಿಮಿಷ ಇದೇ ಕೆಲಸ.

ಜಾಸ್ತಿ ದೂರು ಬರುವುದು ಸಂಬಂಧಗಳ ಚರ್ಚೆಯ ಮೇಲೆ. ನನಗೆ ಅತ್ಯಂತ ಮುಖ್ಯ ಅನ್ನಿಸುವುದೂ ಅದೇ. ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಗಳಲ್ಲಿ ತೆಗೆದುಕೊಳ್ಳುತ್ತೇನೆ. ಸಂಗಾತಿಯ ಪಾಸ್‌ವರ್ಡ್ ಕೇಳುವುದು ಸರಿಯಾ? ಒಲ್ಲೆ ಅಂದ ಮೇಲೂ ಹಿಂದೆ ಬೀಳುವುದು ಪ್ರೀತಿಯಾ? ಮನೆಯವರು ಒಪ್ಪದಿದ್ದರೆ ಏನು ಮಾಡಬೇಕು? ಜೋಡಿ ಬೇರೆಯಾದ ಮೇಲೆ ಹಳೆಯ ಫೋಟೋಗಳು ಯಾರವು? ಯಾರೂ ತಮ್ಮ ಕಥೆ ಹೇಳಬೇಕಿಲ್ಲ, ಗೆಳೆಯರ ಹೆಸರು ಎತ್ತುವಂತಿಲ್ಲ. ಪಾಸ್‌ವರ್ಡ್ ಚರ್ಚೆಯಲ್ಲಿ ಒಬ್ಬ ಹುಡುಗ "ಮುಚ್ಚಿಡಲು ಏನೂ ಇಲ್ಲದಿದ್ದರೆ ಕೊಟ್ಟರೇನು?" ಎಂದು ಜೋರಾಗಿ ವಾದಿಸಿದ. ಪಕ್ಷ ಬದಲಾದಾಗ ಅವನೇ ಹೇಳಿದ: "ಅವಳ ಫೋನಿನಲ್ಲಿ ಅವಳ ಗೆಳತಿಯರ ಮಾತೂ ಇರುತ್ತದೆ. ಅವರು ನನಗೆ ಒಪ್ಪಿಗೆ ಕೊಟ್ಟಿಲ್ಲವಲ್ಲ." ಇದನ್ನು ನಾನು ಉಪನ್ಯಾಸ ಮಾಡಿ ಹೇಳಿದ್ದರೆ ಯಾರೂ ಬರೆದುಕೊಳ್ಳುತ್ತಿರಲಿಲ್ಲ. ಇಂಥ ಮಾತು ಹುಡುಗರ ಎದುರು ಬೇಡ ಅನ್ನುವ ಹಿರಿಯರಿಗೆ ನನ್ನದೊಂದು ಪ್ರಶ್ನೆ. ಹುಡುಗರು ಇದನ್ನು ಎಲ್ಲಿ ಕಲಿಯಲಿ? ಬೇಡ ಅಂದರೂ ಬೆನ್ನು ಹತ್ತುವ ಸಿನಿಮಾ ನಾಯಕನಿಂದಲಾ?

ಅಧ್ಯಾಪಕರು ತಮ್ಮ ರಾಜಕೀಯವನ್ನು ತುಂಬುತ್ತಾರೆ ಎಂಬ ಅನುಮಾನವನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ಅದು ನ್ಯಾಯವಾದ ಅನುಮಾನ. ಅಂಕ ಕೊಡುವವರ ಅಭಿಪ್ರಾಯಕ್ಕೆ ತೂಕ ಜಾಸ್ತಿ. ಇದಕ್ಕೂ ಒಳ್ಳೆಯ ಮಾದರಿ ಇದೆ. 1976ರಲ್ಲಿ ಪಶ್ಚಿಮ ಜರ್ಮನಿಯ ಬಾಯ್ಟೆಲ್ಸ್‌ಬಾಖ್ ಎಂಬ ಊರಿನಲ್ಲಿ ಬೇರೆ ಬೇರೆ ರಾಜಕೀಯ ಒಲವಿನ ಶಿಕ್ಷಣ ತಜ್ಞರು ಸೇರಿದ್ದರು. ಅಲ್ಲಿಂದ ಬಂದ ಮೂರು ಸೂತ್ರಗಳನ್ನು ಜರ್ಮನಿಯ ರಾಜಕೀಯ ಶಿಕ್ಷಣ ಇಂದಿಗೂ ಅನುಸರಿಸುತ್ತದೆ. ವಿದ್ಯಾರ್ಥಿಯ ಮೇಲೆ ಅಭಿಪ್ರಾಯ ಹೇರಬಾರದು. ವಿದ್ವಾಂಸರಲ್ಲಿ, ರಾಜಕೀಯದಲ್ಲಿ ವಿವಾದ ಇರುವ ವಿಷಯವನ್ನು ತರಗತಿಯಲ್ಲೂ ವಿವಾದವಾಗಿಯೇ ಇಡಬೇಕು. ತನ್ನ ಹಿತ ಏನು ಎಂದು ವಿದ್ಯಾರ್ಥಿಯೇ ಅಳೆದು ನೋಡುವ ಶಕ್ತಿ ಬೆಳೆಸಬೇಕು.

ಎರಡನೆಯ ಸೂತ್ರವನ್ನು ಗಮನಿಸಿ. ವಿವಾದ ಇರುವುದನ್ನು ಮುಚ್ಚಿಟ್ಟರೂ ಅದು ಹೇರಿಕೆಯೇ. ಹಾಗೆಯೇ ವಿವಾದ ಇಲ್ಲದ್ದಕ್ಕೆ ಎರಡು ಪಕ್ಷ ಕಟ್ಟುವುದೂ ತಪ್ಪು. ಲಸಿಕೆಯಿಂದ ಆಟಿಸಂ ಬರುತ್ತದೆಯೇ ಎಂದು ನಾನು ಚರ್ಚೆ ಇಡುವುದಿಲ್ಲ, ವಿಜ್ಞಾನ ಅದಕ್ಕೆ ಉತ್ತರ ಕೊಟ್ಟಾಗಿದೆ. ಲಸಿಕೆಯನ್ನು ಕಡ್ಡಾಯ ಮಾಡಬೇಕೇ ಎಂದು ಖಂಡಿತ ಇಡುತ್ತೇನೆ. ಒಂದು ಸಮುದಾಯದವರಿಗೆ ಬದುಕುವ ಹಕ್ಕಿದೆಯೇ ಎಂಬಂಥ ವಿಷಯ ನನ್ನ ಕರಿಹಲಗೆ ಹತ್ತುವುದಿಲ್ಲ. ತನ್ನ ಇರವನ್ನೇ ಸಮರ್ಥಿಸಿಕೊಳ್ಳಬೇಕಾದ ವಿದ್ಯಾರ್ಥಿಗೆ ಅದು ಚರ್ಚೆಯಲ್ಲ, ವಿಚಾರಣೆ.

ಸಚಿವರೇ, ಸುತ್ತೋಲೆ ಹೊರಡಿಸುವುದಾದರೆ ಈ ಮೂರು ಸೂತ್ರಗಳ ಮಾದರಿಯಲ್ಲೇ ಹೊರಡಿಸಿ. ವಿಷಯ ಆರಿಸುವುದನ್ನು ಅಧ್ಯಾಪಕರಿಗೆ ಮತ್ತು ವಿದ್ಯಾರ್ಥಿಗಳಿಗೆ ಬಿಡಿ. ಚರ್ಚೆಯ ವಿಷಯವೂ ಎರಡೂ ಕಡೆಯ ಓದುಪಟ್ಟಿಯೂ ಕಾಲೇಜಿನ ದಾಖಲೆಯಲ್ಲಿರಲಿ, ಯಾರು ಬೇಕಾದರೂ ನೋಡಲಿ. ದೂರು ಬಂದರೆ ಅದರ ಪ್ರತಿಯನ್ನು ಅಧ್ಯಾಪಕರಿಗೆ ಕೊಡಿ. ಚರ್ಚೆಯಲ್ಲಿ ಇದ್ದ ವಿದ್ಯಾರ್ಥಿಗಳನ್ನು ಕೇಳಿ. ಹರಿದಾಡುವ ಮೂವತ್ತು ಸೆಕೆಂಡಿನ ವಿಡಿಯೋ ನೋಡಿ ಯಾರನ್ನೂ ಅಮಾನತು ಮಾಡಬೇಡಿ.

ಇದನ್ನು ದಯವಿಟ್ಟು ನಿಮ್ಮ ಸಹಿ ಇರುವ ಹಾಳೆಯಲ್ಲೇ ಕೊಡಿ. ಬಾಯಿಮಾತಿನ ಭರವಸೆ ಇಟ್ಟುಕೊಂಡು ಯಾವ ಪ್ರಾಂಶುಪಾಲರೂ ಬಾಗಿಲಿಗೆ ಬಂದ ದೂರುದಾರರಿಗೆ ಉತ್ತರ ಕೊಡಲಾರರು.

ವಿಶ್ವಾಸದಿಂದ,
ಒಬ್ಬ ಉಪನ್ಯಾಸಕಿ